ಕರ್ಣದ ಲೆಕ್ಕ

ಕರ್ಣವೆಂಬ ಶಬ್ದಕ್ಕೆ ನಮ್ಮಲ್ಲಿ ಮೂರು ಅರ್ಥಗಳು ರೂಢಿಯಲ್ಲಿವೆ. ಕರ್ಣವೆಂದರೆ ಕಿವಿ, ಕರ್ಣನೆಂದರೆ ಭಾರತದ ವೀರ, ಮತ್ತೊಂದು ಶಾಲೆಯ ಹುಡುಗರು ಬಲ್ಲ ಕರ್ಣ, ಆಯತದ ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಗೆರೆ. ಮೊದಲಿನದು ಇರುವದರಿಂದ ರೇಡಿಯೋ ಕೇಳುತ್ತೇವೆ. ಎರಡನೆಯವನ ಕಥೆಯನ್ನು ಅದೇ ರೇಡಿಯೋದಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಮೂರನೆಯದನ್ನು ಮಾತ್ರ ಪರೀಕ್ಷೆ ಮುಗಿದ ಮರುದಿನವೇ ಮರೆಯುವದು ವಾಡಿಕೆ. ಆ ಮರೆತ ಕರ್ಣದ ವಿಷಯವಾಗಿ ವಾಚಕರೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ. ಆ ಗೆರೆಯ ಉದ್ದವನ್ನು ಬೇಗನೆ, ತಪ್ಪಿಲ್ಲದೆ ಕಾಣುವದು ಹೇಗೆಂದು ನಮ್ಮ ಹಿಂದಿನ ಗಣಿತಜ್ಞರು ಪಟ್ಟ ಶ್ರಮವೂ, ಇಂದು ಗಣಕಯಂತ್ರಕ್ಕೆ ಲೆಕ್ಕದ ಕ್ರಮವನ್ನು ಬರೆದು ಕೊಡುವವರು ಪಡುತ್ತಿರುವ ಶ್ರಮವೂ ಒಂದೇ ಬಗೆಯವಾಗಿವೆ. ನಾವು ಮಕ್ಕಳಿಗೆ ಸೂತ್ರವನ್ನು ಕಲಿಸುತ್ತೇವೆ. ಈ ಶ್ರಮವನ್ನು ಕಲಿಸುವದಿಲ್ಲ. ಅದೇ ನನ್ನ ಚಿಂತೆ.

ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ದಾರಿಯಲ್ಲಿ ನಮ್ಮ ಶಿರಗುಪ್ಪಿ ಇದೆ. ಸುತ್ತಲೂ ಎರೆಭೂಮಿ. ಇಲ್ಲಿ ಹೊಸ ಮನೆಯ ಪಾಯಕ್ಕೆ ದಾರ ಹಿಡಿಯುವ ಗೌಂಡಿಯು ಮೂಲೆಯಿಂದ ಒಂದು ಕಡೆಗೆ ೩ ಅಡಿ, ಇನ್ನೊಂದು ಕಡೆಗೆ ೪ ಅಡಿ ಗುರುತು ಮಾಡಿ, ಎರಡು ಗುರುತುಗಳ ನಡುವೆ ೫ ಅಡಿ ಬಂದಿತೇ ಎಂದು ನೋಡುತ್ತಾನೆ. ಬಂದರೆ ಮೂಲೆ ನೆಟ್ಟಗಿದೆ. ಬಾರದಿದ್ದರೆ ದಾರವನ್ನು ಸರಿಸಬೇಕು. ಯಜ್ಞವೇದಿಯನ್ನು ಹಗ್ಗದಿಂದ ಅಳೆದು ಕಟ್ಟುತ್ತಿದ್ದ ಕಾಲದಲ್ಲಿ ಬೌಧಾಯನನ ಶುಲ್ಬಸೂತ್ರವು ಇದೇ ಮಾತನ್ನು ಸಾಮಾನ್ಯ ನಿಯಮವಾಗಿ ಹೇಳಿತು. ಭುಜದ ವರ್ಗ, ಕೋಟಿಯ ವರ್ಗ, ಇವೆರಡು ಕೂಡಿದರೆ ಕರ್ಣದ ವರ್ಗ. ಗ್ರೀಕರ ಪೈಥಾಗೊರಸನ ಹೆಸರಿನಿಂದ ಜಗತ್ತು ಬಲ್ಲ ನಿಯಮವೂ ಇದೇ.

ಈ ನಿಯಮವನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ಕೆಲಸ ಮುಗಿಯುವದಿಲ್ಲ. ೩, ೪, ೫ ಎಂಬವು ಅಚ್ಚುಕಟ್ಟಾಗಿ ಹೊಂದುವ ಸಂಖ್ಯೆಗಳು. ನಿತ್ಯದ ಲೆಕ್ಕದಲ್ಲಿ ಅಂಥವು ಸಿಗುವದು ಅಪರೂಪ. ನಮ್ಮ ರೈತರು ಬಲ್ಲ ಗುಂಟೆಯನ್ನೇ ತೆಗೆದುಕೊಳ್ಳಿರಿ. ೩೩ ಅಡಿ ಉದ್ದ, ೩೩ ಅಡಿ ಅಗಲದ ಚೌಕವು ಒಂದು ಗುಂಟೆ. ಅಂಥ ೪೦ ಗುಂಟೆಗೆ ಒಂದು ಎಕರೆ. ಆ ಒಂದು ಗುಂಟೆಯ ಮೂಲೆಯಿಂದ ಮೂಲೆಗೆ ಎಷ್ಟು ಅಡಿ? ೩೩ರ ವರ್ಗ ೧೦೮೯. ಎರಡು ಕೂಡಿದರೆ ೨೧೭೮. ಇಲ್ಲಿಯವರೆಗೆ ಮೂರನೆಯ ಇಯತ್ತೆಯ ಹುಡುಗನೂ ಮಾಡಬಲ್ಲ. ಇನ್ನು ೨೧೭೮ರ ವರ್ಗಮೂಲ ಬೇಕು. ಅದು ಪೂರ್ಣಸಂಖ್ಯೆಯಲ್ಲ, ಎಷ್ಟು ಅಂಕಿ ತೆಗೆದರೂ ಮುಗಿಯದ ಕರಣಿ. ಗುಣಿಸುವದೂ ಕೂಡಿಸುವದೂ ಸುಲಭ, ಮೂಲ ತೆಗೆಯುವದು ಕಷ್ಟ. ಈ ಕಷ್ಟವನ್ನು ಕಡಿಮೆ ಮಾಡುವ ಉಪಾಯಗಳ ಚರಿತ್ರೆಯೇ ಕರ್ಣದ ಲೆಕ್ಕದ ಚರಿತ್ರೆ.

ಈ ಲೆಕ್ಕ ಹೊಲಮನೆಗಳಿಗೆ ಮಾತ್ರ ಬೇಕಾದದ್ದೆಂದು ತಿಳಿಯಬಾರದು. ಹವಾಮಾನದ ವಾರ್ತೆಯಲ್ಲಿ ಗಾಳಿ ಗಂಟೆಗೆ ಇಷ್ಟು ಕಿಲೋಮೀಟರು ವೇಗದಿಂದ ಬೀಸುವದೆಂದು ಕೇಳುತ್ತೇವೆ. ಹವಾಮಾನದ ಲೆಕ್ಕ ಮಾಡುವ ಯಂತ್ರವು ಗಾಳಿಯ ಪೂರ್ವಪಶ್ಚಿಮದ ಅಂಶವನ್ನೂ, ದಕ್ಷಿಣೋತ್ತರದ ಅಂಶವನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡಿರುತ್ತದೆ. ಒಂದು ಭುಜ, ಒಂದು ಕೋಟಿ. ನಿಜವಾದ ವೇಗವು ಅವುಗಳ ಕರ್ಣ. ಹೀಗೆ ಪ್ರಮಾಣ ಮತ್ತು ದಿಕ್ಕು ಎರಡೂ ಉಳ್ಳದ್ದನ್ನು ವಿಜ್ಞಾನದ ಪುಸ್ತಕಗಳಲ್ಲಿ ಸದಿಶವೆನ್ನುತ್ತಾರೆ. ಅದರ ಉದ್ದವೇ ಅದರ ಪರಿಮಾಣ. ಅಂಶಗಳು ಎರಡೇ ಇರಬೇಕೆಂಬ ನಿಯಮವಿಲ್ಲ. ಆಕಾಶದಲ್ಲಿ ಹಾರುವ ವಸ್ತುವಿಗೆ ಮೂರು; ಗಣಕಯಂತ್ರದ ಕೆಲವು ಲೆಕ್ಕಗಳಲ್ಲಿ ನೂರು, ಸಾವಿರ. ಅಂಶಗಳು ಎಷ್ಟಿದ್ದರೂ ವಿಧಾನ ಒಂದೇ: ಎಲ್ಲವುಗಳ ವರ್ಗ ಮಾಡಿ, ಕೂಡಿಸಿ, ಮೂಲ ತೆಗೆಯಬೇಕು. ಇಂದು ಯಂತ್ರಗಳು ಇದನ್ನು ಕ್ಷಣಕ್ಕೆ ಲಕ್ಷ ಲಕ್ಷ ಸಲ ಮಾಡುತ್ತಿವೆ. ಆದುದರಿಂದ ಒಂದೊಂದು ಸಲದ ಸಣ್ಣ ಉಳಿತಾಯವೂ ದೊಡ್ಡ ಉಳಿತಾಯ. ಒಂದು ಸಲದ ಸಣ್ಣ ತಪ್ಪೂ ದೊಡ್ಡ ತಪ್ಪು.

ಈಗ ಹಿಂದಿನ ಕಾಲಕ್ಕೆ ಹೋಗೋಣ. ಮಾನ್ಯಖೇಟದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನು ಆಳುತ್ತಿದ್ದ ಕಾಲ, ಎಂದರೆ ಕ್ರಿ.ಶ. ೮೫೦ರ ಸುಮಾರು. ಆಗ ಜೈನಾಚಾರ್ಯನಾದ ಮಹಾವೀರನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ಬರೆದನು. ಗ್ರಂಥದ ಮೊದಲಿಗೆ ನೃಪತುಂಗನ ಸ್ತುತಿ ಇದೆ. ೧೯೧೨ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದ ಮೇಲೆ ಹೊರಗಿನ ಜಗತ್ತಿಗೂ ಇದರ ಪರಿಚಯವಾಯಿತು. ಈ ಗ್ರಂಥದ ಎರಡು ಸಂಗತಿಗಳು ನಮ್ಮ ವಿಷಯಕ್ಕೆ ಮುಖ್ಯವಾದವು. ಕ್ಷೇತ್ರಗಣಿತದಲ್ಲಿ ಮಹಾವೀರನು ಲೆಕ್ಕವನ್ನು ಎರಡು ಬಗೆಯಾಗಿ ಮಾಡುತ್ತಾನೆ. ಒಂದು ವ್ಯಾವಹಾರಿಕ, ಮತ್ತೊಂದು ಸೂಕ್ಷ್ಮ. ವ್ಯಾವಹಾರಿಕವು ಬೇಗ ಆಗುವದು, ಆದರೆ ಸುಮಾರಾದದ್ದು. ಸೂಕ್ಷ್ಮವು ವರ್ಗಮೂಲವನ್ನು ಬೇಡುವದು, ಆದರೆ ಸರಿಯಾದದ್ದು. ಎರಡನ್ನೂ ಅವನು ಬೇರೆ ಬೇರೆ ಹೆಸರಿನಿಂದ ಕರೆದು, ಯಾವದು ಯಾವದೆಂದು ಓದುವವನಿಗೆ ತಿಳಿಯುವಂತೆ ಇಟ್ಟಿದ್ದಾನೆ. ಎರಡನೆಯದಾಗಿ, ಋಣಸಂಖ್ಯೆಯು ಯಾವದರ ವರ್ಗವೂ ಅಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಈ ಎರಡು ಮಾತುಗಳನ್ನೂ ಮುಂದೆ ನೆನಪಿಗೆ ತಂದುಕೊಳ್ಳಬೇಕಾಗುವದು.

ಕನ್ನಡದಲ್ಲಿಯೇ ಗಣಿತವನ್ನು ಬರೆದವರಲ್ಲಿ ನಮಗೆ ತಿಳಿದಂತೆ ಮೊದಲಿಗನು ಹನ್ನೆರಡನೆಯ ಶತಮಾನದ ರಾಜಾದಿತ್ಯ. ಪೂವಿನಬಾಗೆಯವನಾದ ಈ ಜೈನಕವಿಯು 'ವ್ಯವಹಾರಗಣಿತ', 'ಕ್ಷೇತ್ರಗಣಿತ', 'ಲೀಲಾವತಿ' ಮೊದಲಾದ ಕೃತಿಗಳನ್ನು ರಚಿಸಿದನು. ಹೊಲವನ್ನು ಅಳೆಯುವವನಿಗೂ, ಅಂಗಡಿಯಲ್ಲಿ ಕುಳಿತವನಿಗೂ ಅವನ ನುಡಿಯಲ್ಲಿಯೇ ಲೆಕ್ಕ ದೊರೆಯಬೇಕೆಂಬ ಹಂಬಲ ಆ ಕಾಲಕ್ಕೇ ನಮ್ಮ ನಾಡಿನಲ್ಲಿದ್ದಿತೆಂಬುದಕ್ಕೆ ಇವು ಸಾಕ್ಷಿ.

ಅದೇ ಶತಮಾನದವನು ಭಾಸ್ಕರಾಚಾರ್ಯ. ೧೧೧೪ರಲ್ಲಿ ಹುಟ್ಟಿ, ೧೧೫೦ರಲ್ಲಿ 'ಸಿದ್ಧಾಂತಶಿರೋಮಣಿ'ಯನ್ನು ಮುಗಿಸಿದನು. ಸಹ್ಯಪರ್ವತದ ಬಳಿಯ ವಿಜ್ಜಡವಿಡವೆಂಬ ಊರನ್ನು ಅವನೇ ಹೆಸರಿಸಿದ್ದಾನೆ. ಅದು ನಮ್ಮ ವಿಜಯಪುರವೆಂದು ಕೆಲವರು, ಖಾನದೇಶದ ಪಾಟಣದ ಸಮೀಪದ್ದೆಂದು ಕೆಲವರು ವಾದಿಸುತ್ತಾರೆ. ಆ ಪಾಟಣದಲ್ಲಿ ಭಾಸ್ಕರನ ಮೊಮ್ಮಗ ಚಾಂಗದೇವನು ಅಜ್ಜನ ಗ್ರಂಥಗಳ ಪಾಠಕ್ಕಾಗಿ ಒಂದು ಮಠವನ್ನು ಸ್ಥಾಪಿಸಿದನೆಂದು ೧೨೦೭ರ ಶಾಸನವು ಹೇಳುತ್ತದೆ. ಊರಿನ ವಾದವನ್ನು ವಿದ್ವಾಂಸರಿಗೆ ಬಿಟ್ಟು, ಅವನ 'ಲೀಲಾವತಿ'ಯಲ್ಲಿ ಕರ್ಣದ ಲೆಕ್ಕ ಹೇಗಿದೆ ಎಂಬುದನ್ನು ನೋಡೋಣ.

ಭುಜ ೩, ಕೋಟಿ ೪ ಇದ್ದರೆ ಕರ್ಣವೆಷ್ಟು ಎಂಬುದು ಅವನ ಮೊದಲ ಉದಾಹರಣೆ. ೯ ಮತ್ತು ೧೬ ಕೂಡಿ ೨೫, ಅದರ ಮೂಲ ೫. ಇಷ್ಟಕ್ಕೇ ಅವನು ನಿಲ್ಲುವದಿಲ್ಲ. ಅದೇ ಉತ್ತರಕ್ಕೆ ಇನ್ನೊಂದು ದಾರಿಯನ್ನು ತೋರಿಸುತ್ತಾನೆ. ಎರಡು ರಾಶಿಗಳ ಗುಣಲಬ್ಧವನ್ನು ಇಮ್ಮಡಿ ಮಾಡಿ, ಅವುಗಳ ಅಂತರದ ವರ್ಗವನ್ನು ಕೂಡಿಸಿದರೆ ವರ್ಗಗಳ ಮೊತ್ತವೇ ಬರುವದು. ೩ ಮತ್ತು ೪ರ ಗುಣಲಬ್ಧ ೧೨; ಇಮ್ಮಡಿಯಾಗಿ ೨೪; ಅಂತರ ೧, ಅದರ ವರ್ಗವೂ ೧; ಒಟ್ಟು ೨೫. ಇದರಿಂದೇನು ಲಾಭವೆಂದು ಕೇಳಬಹುದು. ೪೭ ಮತ್ತು ೪೮ ಇದ್ದರೆ ನೋಡಿರಿ. ಎರಡು ವರ್ಗಗಳನ್ನು ಬೇರೆ ಬೇರೆ ಮಾಡುವ ಬದಲು ಒಮ್ಮೆ ಗುಣಿಸಿದರೆ ೨೨೫೬; ಇಮ್ಮಡಿ ೪೫೧೨; ಅಂತರದ ವರ್ಗ ೧ನ್ನು ಕೂಡಿಸಿದರೆ ೪೫೧೩. ಎರಡು ದೊಡ್ಡ ಗುಣಾಕಾರಗಳಿದ್ದಲ್ಲಿ ಒಂದೇ ಆಯಿತು. ಪಾಟಿಯ ಮೇಲೆ ಧೂಳು ಹರವಿ, ಬೆರಳಿನಿಂದ ಅಂಕಿ ಬರೆದು, ಒರಸಿ, ಮತ್ತೆ ಬರೆಯುತ್ತಿದ್ದ ಗಣಕನಿಗೆ ಇದು ಸಣ್ಣ ಲಾಭವಲ್ಲ.

ಕರ್ಣ ಮತ್ತು ಭುಜ ಗೊತ್ತಿದ್ದು ಕೋಟಿ ಬೇಕಾದಾಗ ವರ್ಗಗಳನ್ನು ಕಳೆಯಬೇಕು. ಅಲ್ಲಿಗೂ ಭಾಸ್ಕರನ ಎರಡನೆಯ ದಾರಿ ಇದೆ. ಎರಡು ರಾಶಿಗಳ ಯೋಗವನ್ನು ಅವುಗಳ ಅಂತರದಿಂದ ಗುಣಿಸಿದರೆ ವರ್ಗಗಳ ಅಂತರವೇ ಬರುವದು. ಕರ್ಣ ೫, ಭುಜ ೩; ಯೋಗ ೮, ಅಂತರ ೨; ಗುಣಿಸಿದರೆ ೧೬; ಮೂಲ ೪. ವರ್ಗ ಮಾಡುವ ಕೆಲಸವೇ ಇಲ್ಲ. ಇದು ಅವನೊಬ್ಬನೇ ಕಂಡದ್ದೆಂದಲ್ಲ. ವರ್ಗವನ್ನು ಯೋಗಾಂತರಗಳಿಂದ ಸಾಧಿಸುವ ರೀತಿಯನ್ನು ಮಹಾವೀರನೂ ಹೇಳಿದ್ದಾನೆ. ಆದರೆ ಕರ್ಣದ ಲೆಕ್ಕದ ಪಕ್ಕದಲ್ಲಿಯೇ ಇದನ್ನು ಇಟ್ಟು, ಬೇಕಾದ ಕಡೆಯಲ್ಲಿ ಉಪಾಯ ಸಿಗುವಂತೆ ಮಾಡಿದ್ದು ಭಾಸ್ಕರನ ಶಿಕ್ಷಕಬುದ್ಧಿ.

ಮೂರನೆಯ ಉದಾಹರಣೆಯು ಇನ್ನೂ ಸ್ವಾರಸ್ಯವಾದದ್ದು. ಭುಜವೂ ಮೂರೂಕಾಲು, ಕೋಟಿಯೂ ಮೂರೂಕಾಲು, ಕರ್ಣವೆಷ್ಟು? ವರ್ಗಗಳನ್ನು ಕೂಡಿದರೆ ೧೬೯/೮ ಬರುವದು. ಇದಕ್ಕೆ ಪೂರ್ಣವಾದ ಮೂಲವಿಲ್ಲ. ಆಗ ಭಾಸ್ಕರನು ಮಾಡುವದಿಷ್ಟು. ಛೇದವಾದ ೮ರಿಂದ ೧೬೯ನ್ನು ಗುಣಿಸಿ ೧೩೫೨ ಪಡೆಯುತ್ತಾನೆ. ಅದನ್ನು ಒಂದು ದೊಡ್ಡ ವರ್ಗಸಂಖ್ಯೆಯಾದ ೧೦,೦೦೦ದಿಂದ ಗುಣಿಸಿ ೧,೩೫,೨೦,೦೦೦ ಮಾಡುತ್ತಾನೆ. ಅದರ ಸಮೀಪದ ಮೂಲ ೩೬೭೭. ಇದನ್ನು ೧೦,೦೦೦ದ ಮೂಲವಾದ ೧೦೦ ಮತ್ತು ಛೇದವಾದ ೮, ಇವೆರಡರ ಗುಣಲಬ್ಧ ೮೦೦ರಿಂದ ಭಾಗಿಸಿದರೆ ೪ ಪೂರ್ಣ, ೪೭೭/೮೦೦. ದಶಮಾಂಶದಲ್ಲಿ ಹೇಳಿದರೆ ೪.೫೯೬೨೫. ಇಂದಿನ ಯಂತ್ರ ಕೊಡುವ ಉತ್ತರ ೪.೫೯೬೧೯. ಒಂದು ಅಂಶದ ಹತ್ತು ಸಾವಿರದ ಭಾಗದಷ್ಟೂ ವ್ಯತ್ಯಾಸವಿಲ್ಲ. ಶ್ರೀಧರಾಚಾರ್ಯನೂ ಈ ರೀತಿಯನ್ನು ಹಿಂದೆ ಹೇಳಿದ್ದನು. ಇದರ ಮರ್ಮವೇನು? ಸಂಖ್ಯೆಯನ್ನು ಮೊದಲು ಅನುಕೂಲವಾದ ಗಾತ್ರಕ್ಕೆ ತಂದುಕೊಳ್ಳುವದು, ಆ ಗಾತ್ರದಲ್ಲಿ ಮೂಲ ತೆಗೆಯುವದು, ಕೊನೆಗೆ ಗಾತ್ರವನ್ನು ಮತ್ತೆ ಮೊದಲಿನಂತೆ ಮಾಡುವದು. ಈ ಮೂರು ಹೆಜ್ಜೆಗಳನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಇನ್ನು ಮೂಲವನ್ನು ತೆಗೆಯುವ ರೀತಿಗಳು ಮುಖ್ಯವಾಗಿ ಎರಡು. ೪೯೯ರಲ್ಲಿ ಆರ್ಯಭಟನು ಹೇಳಿದ್ದು ಒಂದು: ಸಂಖ್ಯೆಯನ್ನು ಎರಡೆರಡು ಸ್ಥಾನಗಳಾಗಿ ಒಡೆದು, ಮೂಲದ ಅಂಕಿಗಳನ್ನು ಒಂದೊಂದಾಗಿ ಹೊರಗೆ ತೆಗೆಯುವದು. ನಾವು ಶಾಲೆಯಲ್ಲಿ ಕಲಿತದ್ದು ಇದನ್ನೇ. ಇನ್ನೊಂದು ರೀತಿಯಲ್ಲಿ ಮೊದಲು ಊಹಿಸಿ ಆಮೇಲೆ ತಿದ್ದಬೇಕು. ೨ರ ಮೂಲ ಬೇಕೆನ್ನಿರಿ. ೩/೨ ಎಂದು ಊಹಿಸೋಣ. ೨ನ್ನು ಅದರಿಂದ ಭಾಗಿಸಿದರೆ ೪/೩. ಒಂದು ಹೆಚ್ಚಾಯಿತು, ಒಂದು ಕಡಿಮೆಯಾಯಿತು. ನಿಜವಾದ ಮೂಲವು ನಡುವೆ ಇದೆ. ಎರಡರ ಸರಾಸರಿ ೧೭/೧೨. ಇದನ್ನೇ ಮತ್ತೊಮ್ಮೆ ತಿದ್ದಿದರೆ ೫೭೭/೪೦೮. ಪಾಶ್ಚಾತ್ಯರು ಈ ರೀತಿಗೆ ಗ್ರೀಕರ ಹೀರೋನನ ಹೆಸರನ್ನೂ, ನ್ಯೂಟನ್ನನ ಹೆಸರನ್ನೂ ಇಟ್ಟಿದ್ದಾರೆ. ಆಶ್ಚರ್ಯವೆಂದರೆ ಬೌಧಾಯನನು ಚೌಕದ ಕರ್ಣಕ್ಕೆ ಕೊಟ್ಟ ಬೆಲೆಯೂ ಸರಿಯಾಗಿ ಇದೇ ೫೭೭/೪೦೮. ಒಂದು, ಅದಕ್ಕೆ ಮೂರನೆಯ ಒಂದು ಪಾಲು, ಆ ಪಾಲಿನ ನಾಲ್ಕನೆಯ ಒಂದು ಪಾಲು ಕೂಡಿಸಿ, ಈ ಕೊನೆಯದರ ಮೂವತ್ತನಾಲ್ಕನೆಯ ಒಂದು ಪಾಲನ್ನು ಕಳೆಯಬೇಕೆಂದು ಅವನ ವಿಧಾನ. ನಮ್ಮ ಗುಂಟೆಯ ೩೩ ಅಡಿಯನ್ನು ಇದರಿಂದ ಗುಣಿಸಿದರೆ ಕರ್ಣವು ೪೬ ಅಡಿ ೮ ಇಂಚು ಬರುವದು. ಅಂಕಿ ತೆಗೆಯುವ ರೀತಿ, ಊಹಿಸಿ ತಿದ್ದುವ ರೀತಿ, ಎರಡೂ ಇಂದಿನ ಯಂತ್ರಗಳ ಒಳಗೆ ಕೆಲಸ ಮಾಡುತ್ತಿವೆ.

ಹಾಗಾದರೆ ಯಂತ್ರವು ಬಂದ ಮೇಲೆ ಈ ಉಪಾಯಗಳ ಗೊಡವೆ ಏಕೆಂದು ಕೇಳುವವರುಂಟು. ಗುಂಡಿ ಒತ್ತಿದರೆ ಮೂಲ ಬರುವದಲ್ಲ! ಬರುವದು ನಿಜ. ಆದರೆ ಯಂತ್ರಕ್ಕೂ ಮೂಲವು ಗುಣಾಕಾರಕ್ಕಿಂತ ಹೆಚ್ಚು ಹೊತ್ತು ಹಿಡಿಯುವ ಕೆಲಸ. ಯಂತ್ರಕ್ಕೂ ತನ್ನದೇ ಆದ ಪಾಟಿ ಇದೆ, ಆ ಪಾಟಿಗೂ ಅಂಚು ಇದೆ. ಆದುದರಿಂದ ಬಲ್ಲವರು ಮೂರು ಎಚ್ಚರಗಳನ್ನು ಪಾಲಿಸುತ್ತಾರೆ.

ಮೊದಲನೆಯದು, ಬೇಡವಾದಲ್ಲಿ ಮೂಲವನ್ನು ತೆಗೆಯದಿರುವದು. ನಿಮ್ಮ ಮನೆಯಿಂದ ಒಂದು ಬಾವಿಯು ಪೂರ್ವಕ್ಕೆ ೫, ಉತ್ತರಕ್ಕೆ ೬ ಮಾರು ದೂರದಲ್ಲಿದೆ. ಇನ್ನೊಂದು ಪೂರ್ವಕ್ಕೆ ೩, ಉತ್ತರಕ್ಕೆ ೭. ಯಾವದು ಹತ್ತಿರ? ಮೊದಲನೆಯದಕ್ಕೆ ೨೫ ಮತ್ತು ೩೬ ಕೂಡಿ ೬೧. ಎರಡನೆಯದಕ್ಕೆ ೯ ಮತ್ತು ೪೯ ಕೂಡಿ ೫೮. ಎರಡನೆಯ ಬಾವಿಯೇ ಹತ್ತಿರ. ವರ್ಗ ಚಿಕ್ಕದಾದರೆ ಮೂಲವೂ ಚಿಕ್ಕದು. ಮೂಲ ತೆಗೆದು ಹೋಲಿಸುವದು ವ್ಯರ್ಥ ಶ್ರಮ. ಲಕ್ಷ ವಸ್ತುಗಳಲ್ಲಿ ಅತ್ಯಂತ ಹತ್ತಿರವಾದದ್ದನ್ನು ಹುಡುಕುವ ಯಂತ್ರಕ್ಕೆ ಈ ಒಂದು ವಿವೇಕದಿಂದ ಲಕ್ಷ ಮೂಲಗಳು ಉಳಿಯುತ್ತವೆ.

ಎರಡನೆಯದು, ಪಾತ್ರೆಯ ಅಳತೆಯನ್ನು ಅರಿಯುವದು. ೧೯೮೫ರಲ್ಲಿ ಗೊತ್ತುಪಡಿಸಿದ ಅಂತರರಾಷ್ಟ್ರೀಯ ಪದ್ಧತಿಯಂತೆ ಯಂತ್ರವು ದೊಡ್ಡ ಲೆಕ್ಕಗಳಿಗೆ ಬಳಸುವ ಸಂಖ್ಯೆಯು ಹೆಚ್ಚೆಂದರೆ ೩೦೯ ಅಂಕಿಗಳ ಉದ್ದಕ್ಕೆ ಬೆಳೆಯಬಹುದು. ಇದು ಸಾಲದೇ ಎನ್ನಬಹುದು. ಆದರೆ ೩ರ ಮುಂದೆ ೨೦೦ ಸೊನ್ನೆಗಳುಳ್ಳ ಭುಜ, ೪ರ ಮುಂದೆ ೨೦೦ ಸೊನ್ನೆಗಳುಳ್ಳ ಕೋಟಿ ಬಂದವೆನ್ನಿರಿ. ಎರಡೂ ಪಾತ್ರೆಯಲ್ಲಿ ಹಿಡಿಯುತ್ತವೆ. ಕರ್ಣವಾದ ೫ರ ಮುಂದಿನ ೨೦೦ ಸೊನ್ನೆಗಳೂ ಹಿಡಿಯುತ್ತವೆ. ನಡುವೆ ವರ್ಗ ಮಾಡಿದಾಗ ಮಾತ್ರ ಸೊನ್ನೆಗಳು ೪೦೦ ಆಗಿ ಪಾತ್ರೆ ಉಕ್ಕಿಹೋಗುವದು. ಯಂತ್ರವು ಉತ್ತರವನ್ನು ಅನಂತವೆಂದು ಬರೆದುಬಿಡುವದು. ಬಹಳ ಚಿಕ್ಕ ಸಂಖ್ಯೆಗಳಲ್ಲಿ ಇದರ ವಿಪರ್ಯಾಸ. ವರ್ಗವು ಸೊನ್ನೆಯಾಗಿ ಮಾಯವಾಗುವದು. ಪರಿಹಾರವು ವಾಚಕರಿಗೆ ಆಗಲೇ ಗೊತ್ತು. ದೊಡ್ಡದಾದ ಕೋಟಿಯಿಂದ ಎರಡನ್ನೂ ಭಾಗಿಸಿದರೆ ೩/೪ ಮತ್ತು ೧, ವರ್ಗಗಳು ಕೂಡಿ ೨೫/೧೬, ಮೂಲ ೫/೪, ಮತ್ತೆ ಕೋಟಿಯಿಂದ ಗುಣಿಸಿದರೆ ೫ರ ಮುಂದೆ ೨೦೦ ಸೊನ್ನೆ. ಗಾತ್ರಕ್ಕೆ ತರುವದು, ಮೂಲ ತೆಗೆಯುವದು, ಗಾತ್ರವನ್ನು ಹಿಂದಕ್ಕೆ ಕೊಡುವದು. ಮೂರೂಕಾಲಿನ ಉದಾಹರಣೆಯಲ್ಲಿ ಭಾಸ್ಕರನು ಸಂಖ್ಯೆಯನ್ನು ಹಿಗ್ಗಿಸಿದನು, ಇಲ್ಲಿ ಕುಗ್ಗಿಸುತ್ತಾರೆ, ನಡೆ ಒಂದೇ.

ಅಂಶಗಳು ಸಾವಿರವಿದ್ದಾಗ ಒಂದೊಂದನ್ನೂ ಹೀಗೆ ಭಾಗಿಸುತ್ತ ಕುಳಿತರೆ ಹೊತ್ತು ಸಾಲದು. ೧೯೭೮ರಲ್ಲಿ ಜೇಮ್ಸ್ ಬ್ಲೂ ಎಂಬ ಅಮೆರಿಕದ ಗಣಿತಜ್ಞರು ಇದಕ್ಕೆ ಒಂದು ಸರಳ ಉಪಾಯವನ್ನು ಪ್ರಕಟಿಸಿದರು. ಅಂಶಗಳನ್ನು ನೋಡುತ್ತ ಹೋಗುವಾಗ ತೀರ ಚಿಕ್ಕವು, ನಡುವಿನವು, ತೀರ ದೊಡ್ಡವು ಎಂದು ಮೂರು ರಾಶಿ ಮಾಡುವದು. ನಡುವಿನ ರಾಶಿಯನ್ನು ಇದ್ದಂತೆಯೇ ವರ್ಗ ಮಾಡಿ ಕೂಡಿಸುವದು. ಚಿಕ್ಕವನ್ನು ಹಿಗ್ಗಿಸಿ, ದೊಡ್ಡವನ್ನು ಕುಗ್ಗಿಸಿ ಬೇರೆ ಬೇರೆ ಕೂಡಿಸಿ ಇಡುವದು. ಕೊನೆಗೆ ಮೂರನ್ನು ಹೊಂದಿಸುವದು. ಪೇಟೆಗೆ ಮೆಣಸಿನಕಾಯಿ ಒಯ್ಯುವ ಮೊದಲು ನಮ್ಮ ರೈತನು ಕಣದಲ್ಲಿಯೇ ಆರಿಸಿ ರಾಶಿ ಮಾಡುವದಿಲ್ಲವೇ, ಹಾಗೆ. ಸಾಮಾನ್ಯವಾಗಿ ಎಲ್ಲ ಅಂಶಗಳೂ ನಡುವಿನ ರಾಶಿಗೇ ಬೀಳುವದರಿಂದ ಭಾಗಾಕಾರದ ಶ್ರಮವೇ ಉಳಿಯುವದು.

೧೯೮೩ರಲ್ಲಿ ಕ್ಲೀವ್ ಮೋಲರ್ ಮತ್ತು ಡೊನಾಲ್ಡ್ ಮಾರಿಸನ್ ಎಂಬವರು ವರ್ಗಮೂಲವನ್ನು ತೆಗೆಯದೆಯೇ ಕರ್ಣವನ್ನು ಕಾಣುವ ಬಗೆಯನ್ನು ತೋರಿಸಿದರು. ಕರ್ಣವು ಕದಲದಂತೆ ದೊಡ್ಡ ಬಾಹುವನ್ನು ಸ್ವಲ್ಪ ಹಿಗ್ಗಿಸಿ, ಚಿಕ್ಕದನ್ನು ಬಹಳ ಕುಗ್ಗಿಸುತ್ತ ಹೋಗಬೇಕು. ಚಿಕ್ಕದು ಸೊನ್ನೆಗೆ ಬಂದಾಗ ದೊಡ್ಡದೇ ಕರ್ಣವಾಗಿರುವದು. ೪ ಮತ್ತು ೩ರಿಂದ ಹೊರಟರೆ ಮೊದಲ ಹೆಜ್ಜೆಯಲ್ಲಿ ೪ ಇದ್ದದ್ದು ೪.೯೮೬೩ ಆಗುವದು, ಎರಡನೆಯ ಹೆಜ್ಜೆಯಲ್ಲಿ ೪.೯೯೯೯೯೯೯೭. ಎರಡೇ ಹೆಜ್ಜೆಗೆ ಐದರ ಬಾಗಿಲಿಗೆ ಬಂದು ನಿಂತಿತು. ನಡುವೆ ಎಲ್ಲಿಯೂ ಪಾತ್ರೆ ಉಕ್ಕುವ ಭಯವಿಲ್ಲ.

ಮೂರನೆಯ ಎಚ್ಚರವು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಯಂತ್ರವು ಸಂಖ್ಯೆಯ ಎಲ್ಲ ಅಂಕಿಗಳನ್ನೂ ಇಟ್ಟುಕೊಳ್ಳುವದಿಲ್ಲ. ಮೊದಲ ಕೆಲವು ಅಂಕಿಗಳನ್ನು ಇಟ್ಟುಕೊಂಡು ಉಳಿದದ್ದನ್ನು ಸುಮಾರು ಮಾಡುವದು. ತಿಳಿಯಲು ಸುಲಭವಾಗುವಂತೆ ನಾಲ್ಕೇ ಅಂಕಿ ಹಿಡಿಯುವ ಒಂದು ಯಂತ್ರವನ್ನು ಕಲ್ಪಿಸಿಕೊಳ್ಳೋಣ. ಕರ್ಣ ೧೨೩೭, ಭುಜ ೧೨೩೬, ಕೋಟಿ ಬೇಕು. ೧೨೩೭ರ ವರ್ಗ ೧೫,೩೦,೧೬೯. ಯಂತ್ರವು ಇಟ್ಟುಕೊಳ್ಳುವದು ೧೫,೩೦,೦೦೦. ೧೨೩೬ರ ವರ್ಗ ೧೫,೨೭,೬೯೬, ಇಟ್ಟುಕೊಳ್ಳುವದು ೧೫,೨೮,೦೦೦. ಕಳೆದರೆ ೨,೦೦೦, ಮೂಲ ೪೪.೭೨. ಸರಿಯಾದ ಉತ್ತರ ೪೯.೭೩. ನೂರಕ್ಕೆ ಹತ್ತರಷ್ಟು ತಪ್ಪು! ಯಂತ್ರವು ಕೆಟ್ಟಿಲ್ಲ, ಸೂತ್ರವೂ ಸುಳ್ಳಲ್ಲ. ಆದರೂ ಉತ್ತರ ಕೆಟ್ಟಿತು. ಈಗ ಭಾಸ್ಕರನ ದಾರಿಯಿಂದ ಹೋಗೋಣ. ಯೋಗ ೨೪೭೩, ಅಂತರ ೧, ಗುಣಲಬ್ಧ ೨೪೭೩. ನಾಲ್ಕು ಅಂಕಿಯ ಅದೇ ಬಡ ಯಂತ್ರದಲ್ಲಿ ಒಂದು ಅಂಕಿಯೂ ಕಳೆಯದೆ ೪೯.೭೩ ಬಂದಿತು. ಇಂದಿನ ದೊಡ್ಡ ಯಂತ್ರಗಳು ಹದಿನೈದು ಹದಿನಾರು ಅಂಕಿಗಳನ್ನು ಹಿಡಿಯುವವಾದರೂ ಅಪಾಯದ ಬಗೆ ಇದೇ. ವರ್ಗಗಳ ಅಂತರವನ್ನು ಯೋಗಾಂತರಗಳ ಗುಣಾಕಾರದಿಂದ ಮಾಡಬೇಕೆಂಬುದು ಯಂತ್ರಗಣಿತದ ಪಾಠಗಳಲ್ಲಿ ಇಂದಿಗೂ ಮೊದಮೊದಲು ಹೇಳುವ ಬುದ್ಧಿಮಾತು. ಸುಮಾರು ಮಾಡಿದ ತಪ್ಪುಗಳು ಒಟ್ಟುಗೂಡಿದರೆ, ಸೊನ್ನೆಯ ಸಮೀಪವಿರಬೇಕಾದ ಸಂಖ್ಯೆಯು ಕೆಲವು ಸಲ ಋಣವಾಗಿಬಿಡುವದುಂಟು. ಆಗ ಮೂಲ ಕೇಳಿದರೆ ಯಂತ್ರವು ಇದು ಸಂಖ್ಯೆಯೇ ಅಲ್ಲವೆಂದು ಉತ್ತರಿಸುವದು. ಮಹಾವೀರನ ಎರಡನೆಯ ಮಾತು ಇಲ್ಲಿ ನೆನಪಾಗುವದು.

ಅವನ ಮೊದಲ ಮಾತು, ವ್ಯಾವಹಾರಿಕ ಮತ್ತು ಸೂಕ್ಷ್ಮಗಳ ಭೇದ, ಇಂದಿಗೂ ಬಾಳುತ್ತಿದೆ. ಎಲ್ಲ ಕಡೆಗೂ ಸೂಕ್ಷ್ಮವೇ ಬೇಕಾಗಿಲ್ಲ. ದೊಡ್ಡ ಬಾಹುವಿಗೆ ಚಿಕ್ಕ ಬಾಹುವಿನ ಅರ್ಧವನ್ನು ಕೂಡಿಸಿದರೆ ಕರ್ಣದ ಸುಮಾರು ಬೆಲೆ ಬರುವದು. ೪ ಮತ್ತು ೩ಕ್ಕೆ ೫ರ ಬದಲು ಐದೂವರೆ. ಎಂಥ ಬಾಹುಗಳಿದ್ದರೂ ಈ ಬೆಲೆಯು ನಿಜವಾದ ಕರ್ಣಕ್ಕಿಂತ ಕಡಿಮೆಯಾಗದು, ನೂರಕ್ಕೆ ಹನ್ನೆರಡಕ್ಕಿಂತ ಹೆಚ್ಚೂ ಆಗದು. ಅರ್ಧದ ಬದಲು ಬೇರೆ ಭಾಗಗಳನ್ನು ಆರಿಸಿ ತಪ್ಪನ್ನು ಇನ್ನೂ ಇಳಿಸಬಹುದು. ಇದರ ಬಳಕೆ ಎಲ್ಲಿ ಎಂದಿರಾ? ನಿಮ್ಮ ಮನೆಯ ಮೇಜಿನ ಮೇಲೆಯೇ ಇದ್ದೀತು. ಅಂಕಿಗಳ ಲೆಕ್ಕದಿಂದ ನಡೆಯುವ ಹೊಸ ಬಗೆಯ ರೇಡಿಯೋಗಳಲ್ಲಿ ಬಂದ ತರಂಗವನ್ನು ಎರಡು ಅಂಶಗಳಾಗಿ ಒಡೆಯುತ್ತಾರೆ. ಮಧ್ಯಮ ತರಂಗದ ನಿಲಯವನ್ನು ಹಿಡಿದಾಗ ಆ ಎರಡು ಅಂಶಗಳ ಕರ್ಣವು ಕ್ಷಣಕ್ಷಣಕ್ಕೆ ಏರಿಳಿಯುವದೇ ನಾವು ಕೇಳುವ ಮಾತು, ಹಾಡು. ಅಂಥ ಕರ್ಣವನ್ನು ಅಗ್ಗವಾಗಿ ಕಾಣಲು ತಂತ್ರಜ್ಞರು ಈ ಬಗೆಯ ಸುಮಾರು ಸೂತ್ರಗಳನ್ನು ಬಹುಕಾಲದಿಂದ ಬಳಸುತ್ತಿದ್ದಾರೆ. ಗಣಿತದ ಕರ್ಣವು ಹೀಗೆ ನಮ್ಮ ಕರ್ಣಕ್ಕೆ ಮುಟ್ಟುವದು!

೧೯೯೯ರಲ್ಲಿ ಬಂದ ಕ್ವೇಕ್ ಎಂಬ ಗಣಕಯಂತ್ರದ ಆಟದ ಮೂರನೆಯ ಆವೃತ್ತಿಯ ಕಥೆಯೂ ಇಂಥದ್ದೇ. ಪರದೆಯ ಮೇಲೆ ಬೆಳಕುನೆರಳನ್ನು ತೋರಿಸಲು ಪ್ರತಿಯೊಂದು ಸದಿಶವನ್ನೂ ಅದರ ಪರಿಮಾಣದಿಂದ ಭಾಗಿಸಬೇಕು.೨೦೦೫ರಲ್ಲಿ ಆ ಆಟದ ಒಳಗಿನ ಬರವಣಿಗೆಯನ್ನು ಬಯಲಿಗಿಟ್ಟಾಗ ಜನರು ನೋಡಿ ಬೆರಗಾದರು. ಮೂಲವನ್ನೂ ತೆಗೆಯದೆ, ಭಾಗವನ್ನೂ ಮಾಡದೆ, ಸಂಖ್ಯೆಯನ್ನು ಯಂತ್ರದೊಳಗೆ ಬರೆದಿಟ್ಟ ಬಗೆಯಿಂದಲೇ ಒಂದು ಚತುರ ಊಹೆಯನ್ನು ಮಾಡಿ, ಅದನ್ನು ನ್ಯೂಟನ್ನನ ರೀತಿಯಿಂದ ಒಂದೇ ಸಲ ತಿದ್ದಿ ಬಿಟ್ಟಿದ್ದರು. ತಪ್ಪು ಸಾವಿರಕ್ಕೆ ಎರಡಕ್ಕಿಂತ ಕಡಿಮೆ. ಕಣ್ಣಿಗೆ ಕಾಣುವ ಆಟಕ್ಕೆ ಅದು ಸಾಕು. ಸೇತುವೆ ಕಟ್ಟುವವನಿಗೆ ಸಾಲದು. ಯಾವದು ಎಲ್ಲಿ ಸಾಕೆಂಬ ವಿವೇಕವೇ ಗಣಕನ ವಿದ್ಯೆ.

ಆ ವಿವೇಕ ತಪ್ಪಿದರೆ ಏನಾಗುವದೆಂಬುದಕ್ಕೂ ನಿದರ್ಶನವಿದೆ. ೧೯೯೬ರ ಜೂನ್ ೪ರಂದು ಯುರೋಪಿನ ಏರಿಯಾನ್ ೫ ರಾಕೆಟ್ಟು ತನ್ನ ಮೊದಲ ಹಾರಾಟದಲ್ಲಿಯೇ, ಏರಿ ಒಂದು ನಿಮಿಷವೂ ಆಗುವ ಮೊದಲು ಒಡೆದುಹೋಯಿತು. ಅಡ್ಡ ದಿಕ್ಕಿನ ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆಯನ್ನು ೩೨,೭೬೭ಕ್ಕಿಂತ ಹೆಚ್ಚು ಹಿಡಿಯದ ಪಾತ್ರೆಯಲ್ಲಿ ಸುರಿಯಲು ಹೋದದ್ದೇ ಕಾರಣ. ಹಳೆಯ ರಾಕೆಟ್ಟಿಗೆ ಆ ಪಾತ್ರೆ ಸಾಕಾಗಿದ್ದಿತು. ಹೊಸದರ ವೇಗ ಹೆಚ್ಚು. ಅಲ್ಲಿ ಕೆಟ್ಟದ್ದು ಕರ್ಣದ ಲೆಕ್ಕವಲ್ಲ; ಆದರೆ ಪಾತ್ರೆಯನ್ನು ಅರಿಯದೆ ಸಂಖ್ಯೆ ತುಂಬಿದರೆ ಬರುವ ಫಲ ಎಲ್ಲ ಲೆಕ್ಕಕ್ಕೂ ಒಂದೇ.

ಇಷ್ಟು ಹೇಳಿದ ಮೇಲೆ, ಎಲ್ಲವೂ ನಮ್ಮ ಹಿಂದಿನವರಿಗೆ ತಿಳಿದಿದ್ದಿತೆಂದು ಹೆಮ್ಮೆ ಪಡುವವರಿಗೆ ಒಂದು ಮಾತು. ಭಾಸ್ಕರನಿಗೆ ಗಣಕಯಂತ್ರದ ಕನಸೂ ಇರಲಿಲ್ಲ. ಅವನು ಯೋಗಾಂತರದ ದಾರಿಯನ್ನು ಹೇಳಿದ್ದು ಕೈಯ ಶ್ರಮವನ್ನು ಉಳಿಸಲು. ಇಂದಿನವರು ಅದನ್ನು ಬಳಸುವದು ಅಂಕಿಗಳನ್ನು ಉಳಿಸಲು. ಬ್ಲೂ, ಮೋಲರ್ ಮೊದಲಾದವರು ತಮ್ಮ ಉಪಾಯಗಳನ್ನು ತಮ್ಮ ಯಂತ್ರಗಳ ಕಷ್ಟಗಳಿಂದಲೇ ಕಂಡುಕೊಂಡರು. ಪಾಟಿ ಚಿಕ್ಕದಿದ್ದಾಗ, ಹೊತ್ತು ಕಡಿಮೆಯಿದ್ದಾಗ, ಉತ್ತರ ಮಾತ್ರ ಸರಿಯಿರಬೇಕಾದಾಗ ಬುದ್ಧಿವಂತರು ಯಾವ ದೇಶದಲ್ಲಿದ್ದರೂ ಒಂದೇ ದಾರಿಗೆ ಬರುತ್ತಾರೆ. ಆದರೆ ಇನ್ನೊಂದು ಬದಿಯಲ್ಲಿ, ಇದೆಲ್ಲ ಹೊರಗಿನಿಂದ ಬಂದ ವಿದ್ಯೆ, ನಮ್ಮ ನುಡಿಗೆ ಒಗ್ಗದೆಂದು ಹಿಂಜರಿಯುವವರೂ ಇದ್ದಾರೆ. ಭುಜ, ಕೋಟಿ, ಕರ್ಣ, ಕರಣಿ, ಯೋಗ, ಅಂತರ, ವ್ಯಾವಹಾರಿಕ, ಸೂಕ್ಷ್ಮ ಎಂಬ ಮಾತುಗಳು ಕೈಯಲ್ಲಿರುವಾಗ ಆ ಹಿಂಜರಿಕೆಗೆ ಕಾರಣವಿಲ್ಲ. ರಾಜಾದಿತ್ಯನು ಹನ್ನೆರಡನೆಯ ಶತಮಾನದಲ್ಲಿ ಹಿಂಜರಿಯಲಿಲ್ಲ.

ಆದುದರಿಂದ ಮನೆಯಲ್ಲಿ ಲೆಕ್ಕ ಕಲಿಯುವ ಮಕ್ಕಳಿದ್ದರೆ ಅವರನ್ನು ಸೂತ್ರವೇನೆಂದು ಮಾತ್ರ ಕೇಳಬೇಡಿರಿ. ಮೂಲ ತೆಗೆಯುವ ಅವಶ್ಯಕತೆ ಇದೆಯೇ, ಸುಮಾರಾದರೆ ಸಾಕೇ, ಇದಕ್ಕಿಂತ ಹಗುರವಾದ ದಾರಿ ಉಂಟೇ ಎಂದು ಕೇಳಿರಿ. ಅಭ್ಯಾಸಕ್ಕಾಗಿ ಒಂದು ಲೆಕ್ಕ ಕೊಡುತ್ತೇನೆ. ೪೭ ಅಡಿ ಅಗಲ, ೪೮ ಅಡಿ ಉದ್ದದ ಅಂಗಳಕ್ಕೆ ಮೂಲೆಯಿಂದ ಮೂಲೆಗೆ ತಂತಿ ಕಟ್ಟಬೇಕು. ವರ್ಗಗಳ ಮೊತ್ತವನ್ನು ಮೇಲೆ ಆಗಲೇ ಮಾಡಿದ್ದೇವೆ, ಅದು ೪೫೧೩. ೬೭ ಎಂದು ಊಹಿಸಿ, ಭಾಗಿಸಿ, ಸರಾಸರಿ ತೆಗೆದು ಒಂದೇ ಸಲ ತಿದ್ದಿ ನೋಡಿರಿ. ಕಾಗದದ ಮೇಲೆ ೬೭ ಅಡಿ ೨ ಇಂಚಿನ ಸಮೀಪಕ್ಕೆ ಬಂದರೆ ಲೆಕ್ಕ ಸರಿಯಾಯಿತೆಂದು ತಿಳಿಯಿರಿ. ಆಮೇಲೆ ಬೇಕಾದರೆ ಗುಂಡಿ ಒತ್ತಿ ಯಂತ್ರವನ್ನು ಪರೀಕ್ಷಿಸಿರಿ.